ಕಾಫಿಯ ರುಚಿ: ನಾಲಿಗೆಯದೆಷ್ಟು, ಕಣ್ಣಿನದೆಷ್ಟು?

ನಮ್ಮ ಕಾಫಿಗೆ ಬೆಲೆ ಕಟ್ಟುವವರು ಬೀಜವನ್ನು ಮೊದಲು ನೋಡುತ್ತಾರೆ, ಮೂಸುತ್ತಾರೆ, ಕುಡಿದು ನೋಡುವುದು ಆಮೇಲೆ. ಅಡಿಕೆಗಂತೂ ಮಂಡಿಯಲ್ಲಿ ಕಣ್ಣೇ ನ್ಯಾಯಾಧೀಶ. ಚೊಗರಿನ ಬಣ್ಣ ತುಸು ಮಾಸಿದರೂ ಧಾರಣೆ ಇಳಿಯುವುದನ್ನು ಬೆಳೆಗಾರ ಬಾಂಧವರೆಲ್ಲ ಬಲ್ಲರು. ಆದ್ದರಿಂದ ಕಣ್ಣು ನಾಲಿಗೆಯ ಮೇಲೆ ಎಷ್ಟು ಅಧಿಕಾರ ನಡೆಸುತ್ತದೆಂಬುದು ನಮ್ಮ ಜೇಬಿಗೆ ಸಂಬಂಧಿಸಿದ ಪ್ರಶ್ನೆಯೇ ಸರಿ.

ಇದನ್ನು ಅಳೆಯಲು ವಿಜ್ಞಾನಿಗಳು ಈಚಿನ ವರ್ಷಗಳಲ್ಲಿ ವರ್ಚುವಲ್ ರಿಯಾಲಿಟಿ ಎಂಬ ಸಾಧನವನ್ನು ಬಳಸುತ್ತಿದ್ದಾರೆ. ಕಣ್ಣನ್ನು ಪೂರ್ತಿ ಮುಚ್ಚುವ ದಪ್ಪ ಕನ್ನಡಕದಂಥ ಉಪಕರಣವದು. ಅದನ್ನು ತೊಟ್ಟವರಿಗೆ ಕಂಪ್ಯೂಟರ್ ತೋರಿಸಿದ್ದೇ ಜಗತ್ತು. ತಲೆ ತಿರುಗಿಸಿದತ್ತ ದೃಶ್ಯವೂ ತಿರುಗುತ್ತದೆ.

2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬ್ರಿಟನ್ನಿನ 32 ಮಂದಿಗೆ ಈ ಕನ್ನಡಕ ತೊಡಿಸಿ, ತಣ್ಣೀರಿನಲ್ಲಿ ನೆನೆಸಿ ಇಳಿಸಿದ ಕಪ್ಪು ಕಾಫಿ ಕುಡಿಸಿದರು. ಕಣ್ಣಿಗೆ ಅದು ಒಮ್ಮೆ ಕಡುಕಂದಾಗಿಯೂ ಇನ್ನೊಮ್ಮೆ ಹಾಲು ಬೆರೆತಂತೆ ತಿಳಿಕಂದಾಗಿಯೂ ಕಾಣುತ್ತಿತ್ತು. ಬಣ್ಣದ ಪುಡಿಯನ್ನೇ ಬೆರೆಸಬಹುದಿತ್ತಲ್ಲ ಎಂದರೆ, ಅದರ ರುಚಿಯೂ ಸೇರಿ ಲೆಕ್ಕ ಕೆಡುತ್ತದೆ. ತೊಟ್ಟು ಹಾಲಿಲ್ಲದಿದ್ದರೂ, ತಿಳಿಬಣ್ಣದ ಕಾಫಿಗೆ ಕೆನೆಯ ಗುಣ ಹೆಚ್ಚೆಂದು ಕುಡಿದವರು ಅಂಕ ಕೊಟ್ಟರು. ಆದರೆ ಸಿಹಿಯ ಅಂದಾಜಾಗಲಿ, ಮೆಚ್ಚುಗೆಯಾಗಲಿ ಬಣ್ಣದಿಂದ ಬದಲಾಗಲಿಲ್ಲ.

ಇನ್ನೊಂದು ಪ್ರಯೋಗ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ್ದು, 2018ರಲ್ಲಿ ಪ್ರಕಟವಾದದ್ದು. ಒಂದೇ ಚೀಸನ್ನು ರುಚಿ ಪರೀಕ್ಷೆಯ ಕೋಣೆ, ಉದ್ಯಾನದ ಬೆಂಚು, ದನದ ಕೊಟ್ಟಿಗೆ ಎಂಬ ಮೂರು ದೃಶ್ಯಗಳಲ್ಲಿ ತಿನ್ನಿಸಿದರು. ಕೊಟ್ಟಿಗೆ ಕಂಡವರಿಗೆ ಅದರ ಘಾಟು ಜಾಸ್ತಿಯೆನಿಸಿತು!

ಇದನ್ನು ಓದಿ, ಪೊಟ್ಟಣಕ್ಕೆ ಅಲಂಕಾರ ಮಾಡಿದರೆ ಎಂಥ ಕಾಫಿಯೂ ಮಾರಾಟವಾದೀತೆಂದು ಯಾರಾದರೂ ಹೇಳಿದರೆ ನಾವು ಒಪ್ಪಲಾರೆವು. 32 ಮಂದಿಯ ಮಾತು ಲೋಕದ ಮಾತಲ್ಲ, ನಿಜ. ಆದರೂ ಬಣ್ಣ ಬದಲಿಸಿ ಅವರ ಮೆಚ್ಚುಗೆಯನ್ನು ಕೊಳ್ಳಲಾಗಲಿಲ್ಲವೆಂಬುದನ್ನು ಗಮನಿಸಬೇಕು. ಹಣ್ಣು ಆರಿಸಿ ಕೊಯ್ಯುವುದು, ಕಣದಲ್ಲಿ ಸರಿಯಾಗಿ ಒಣಗಿಸುವುದು ಇವನ್ನು ಬಿಟ್ಟು ಪೊಟ್ಟಣದ ಹಿಂದೆ ಓಡಿ ಪ್ರಯೋಜನವಿಲ್ಲ.

ಕಲಿಯಬೇಕಾದ್ದು ಪರೀಕ್ಷೆಯ ಕ್ರಮದಲ್ಲಿದೆ. ಮಾದರಿ ಇಂಥವರ ತೋಟದ್ದೆಂದು ಚೀಟಿಯಲ್ಲಿ ಕಂಡಮೇಲೆ ರುಚಿ ನೋಡುವವರ ನಾಲಿಗೆ ಪೂರ್ತಿ ಸ್ವತಂತ್ರವಾಗಿ ಉಳಿದೀತೆ? ಸಣ್ಣ ಹಿಡುವಳಿದಾರರಿಗೆ ನಷ್ಟವಾಗುವುದು ಇಲ್ಲಿಯೇ. ಬರುವ ಹಂಗಾಮಿನಿಂದ ಸಂಘದ ರುಚಿ ಪರೀಕ್ಷೆಯಲ್ಲಿ ಎಲ್ಲ ಮಾದರಿಗೂ ಒಂದೇ ಬಗೆಯ ಬಿಳಿ ಬಟ್ಟಲು, ಹೆಸರಿನ ಬದಲು ಅಂಕಿ, ಗೊಬ್ಬರದ ದಾಸ್ತಾನಿನಿಂದ ದೂರದ ಕೋಣೆ ಎಂದು ನಿಶ್ಚಯಿಸಿದ್ದೇವೆ. ಮಾದರಿ ತರುವ ಸದಸ್ಯರು ಚೀಲದ ಮೇಲೆ ಏನನ್ನೂ ಬರೆಯದೆ, ಹೆಸರಿನ ಚೀಟಿಯನ್ನು ಅಂಟಿಸಿದ ಲಕೋಟೆಯಲ್ಲಿ ಕಚೇರಿಗೆ ಕೊಡಬೇಕಾಗಿ ವಿನಂತಿ.