ಜಾಗ ಬದಲಿಸಿದ ಮದ್ದಿನ ಮನೆ

ಶ್ರೀರಂಗಪಟ್ಟಣದಿಂದ ದಿನವೂ ಮೈಸೂರಿನ ಕಾಲೇಜು, ಕಚೇರಿಗಳಿಗೆ ರೈಲಿನಲ್ಲಿ ಹೋಗಿಬರುವವರಿಗೆ ಕಿಟಕಿಯಾಚೆಯ ಕೋಟೆ ಹೊಸದಲ್ಲ. ರೈಲುಹಾದಿ ಹಾಯುವುದೇ ಕೋಟೆಯನ್ನು ಸೀಳಿಕೊಂಡು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದದ್ದು ಇಲ್ಲಿಯೇ.

ನಿಲ್ದಾಣದ ಬಳಿ ಆ ಕಾಲದ ಮದ್ದಿನ ಮನೆಯೊಂದಿತ್ತು. ಇಟ್ಟಿಗೆ, ಗಾರೆಯ ದಪ್ಪ ಗೋಡೆಗಳ ಗಟ್ಟಿ ಕಟ್ಟಡ. ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅದೇ ಅಡ್ಡವಾಯಿತು. ಕೆಲಸ ವರ್ಷಗಟ್ಟಲೆ ನಿಂತಿತು. ಪ್ರಯಾಣಿಕರಿಗೆ ಬೇಗ ಊರು ಸೇರುವ ಆಸೆ. ಹಾಗೆಂದು ಇತಿಹಾಸವನ್ನು ಒಡೆದು ಹಾಕಲಾದೀತೆ?

ಒಡೆಯಲಿಲ್ಲ. 2017ರಲ್ಲಿ ಬುಡ ಬಿಡಿಸಿ, ಜಾಕ್‌ಗಳಿಂದ ಮೇಲೆತ್ತಿ, ಇಡೀ ಕಟ್ಟಡವನ್ನೇ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ತೂಕ ಸುಮಾರು ಸಾವಿರ ಟನ್. ಆನೆಗಳ ಲೆಕ್ಕದಲ್ಲಿ ಇನ್ನೂರು ಆನೆಗಳ ಭಾರ!

ಅದು ನಿಂತಿದ್ದ ಜಾಗದಲ್ಲಿ ಈಗ ರೈಲು ಓಡುತ್ತದೆ.