ತುಂಡು ತುಂಡು ಕರೆಗೆ ಒಂದೇ ಗುರುತು

ಜಗಳೂರು ತಾಲ್ಲೂಕಿನ ರೈತರೊಬ್ಬರು ಮೆಕ್ಕೆಜೋಳದ ರೇಟು ಕೇಳಲು ಹೊನ್ನಾಳಿಯ ಮಂಡಿ ಸಾಹುಕಾರರಿಗೆ ಫೋನ್ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಸಾಹುಕಾರರು ಎತ್ತುವುದಿಲ್ಲ. ತಾವು ಎತ್ತದಿದ್ದರೆ ಕರೆ ಚನ್ನಗಿರಿಯಲ್ಲಿರುವ ಗುಮಾಸ್ತನ ನಂಬರಿಗೆ ಹೋಗುವಂತೆ ಅವರು ಫಾರ್ವರ್ಡ್ ಇಟ್ಟಿದ್ದಾರೆ. "ಸಾಹುಕಾರ್ರು ಹೊರಗೆ ಹೋಗ್ಯಾರಣ್ಣ, ಮಾಲು ಎಷ್ಟೈತಿ ಹೇಳ್ರಿ" ಎನ್ನುತ್ತಾನೆ ಗುಮಾಸ್ತ. ಮಾತು ಲಾರಿ ಬಾಡಿಗೆಗೆ ಬರುತ್ತದೆ. ರೈತರನ್ನು ಲೈನಿನಲ್ಲೇ ಇರಿಸಿಕೊಂಡು ನ್ಯಾಮತಿಯ ಲಾರಿ ಮಾಲೀಕರನ್ನೂ ಕಾನ್ಫರೆನ್ಸ್‌ಗೆ ಸೇರಿಸುತ್ತಾನೆ. ಏಳೆಂಟು ನಿಮಿಷದಲ್ಲಿ ವ್ಯವಹಾರ ಕುದುರುತ್ತದೆ.

ಮಾತನಾಡಿದವರ ಲೆಕ್ಕದಲ್ಲಿ ಇದು ಒಂದೇ ಕರೆ. ದೂರಸಂಪರ್ಕ ಜಾಲದ ಲೆಕ್ಕದಲ್ಲಿ ಮೂರು. ಜಗಳೂರಿನಿಂದ ಹೊನ್ನಾಳಿ ನಂಬರಿಗೆ ಒಂದು, ಹೊನ್ನಾಳಿ ನಂಬರಿನಿಂದ ಚನ್ನಗಿರಿಗೆ ಇನ್ನೊಂದು, ಚನ್ನಗಿರಿಯಿಂದ ನ್ಯಾಮತಿಗೆ ಮತ್ತೊಂದು. ಪ್ರತಿಯೊಂದಕ್ಕೂ ಕರೆ ಹೊರಟ ಕಡೆ ಒಂದು ದಾಖಲೆ, ತಲುಪಿದ ಕಡೆ ಒಂದು ದಾಖಲೆ. ನಾಲ್ವರ ಸಿಮ್ ಬೇರೆ ಬೇರೆ ಕಂಪನಿಯದಾದರೆ ಈ ದಾಖಲೆಗಳು ನಾಲ್ಕು ಕಂಪನಿಗಳ ಕಂಪ್ಯೂಟರುಗಳಲ್ಲಿ ಚದುರಿ ಕೂರುತ್ತವೆ. ಇವೆಲ್ಲ ಒಂದೇ ಮಾತುಕತೆಯ ತುಂಡುಗಳು ಎಂದು ಗೊತ್ತಾಗುವುದು ಹೇಗೆ? ಬಿಲ್ ತಕರಾರು, ಕರೆ ಕಡಿತದ ದೂರು, ಸೈಬರ್ ವಂಚನೆಯ ತನಿಖೆ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆ.

ಟ್ರಂಕ್ ಕಾಲ್ ಕಾಲದಲ್ಲಿ ಈ ತೊಡಕು ಇರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕುಳಿತ ಆಪರೇಟರ್ ಒಂದು ಕರೆಗೆ ಒಂದು ಟಿಕೆಟ್ ಬರೆಯುತ್ತಿದ್ದರು. ಯಾರು, ಯಾರಿಗೆ, ಎಷ್ಟು ನಿಮಿಷ ಎಲ್ಲ ಅದರಲ್ಲೇ ಇರುತ್ತಿತ್ತು. 1960ರಲ್ಲಿ ಲಖನೌ ಮತ್ತು ಕಾನ್ಪುರದ ನಡುವೆ ದೇಶದ ಮೊದಲ ಎಸ್‌ಟಿಡಿ ಶುರುವಾಯಿತು. ಆಮೇಲೆ ದಾರಿ ಹುಡುಕುವ ಕೆಲಸ ನಂಬರಿನದೇ ಆಯಿತು. ನಮ್ಮ ನಾಲ್ಕು ಊರುಗಳ ಕೋಡ್‌ಗಳಲ್ಲಿ ಜಿಲ್ಲೆಯ ಚರಿತ್ರೆಯೇ ಉಳಿದಿದೆ. ಹೊನ್ನಾಳಿಯ 08188, ಚನ್ನಗಿರಿಯ 08189 ಎರಡೂ ಶಿವಮೊಗ್ಗದ 08182ರ ಸಾಲಿನವು. ಜಗಳೂರಿನ 08196 ಚಿತ್ರದುರ್ಗದ 08194ರ ಸಾಲಿನದು. 1997ರ ಆಗಸ್ಟ್ 15ರಂದು, ಚನ್ನಗಿರಿಯವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ಈ ತಾಲ್ಲೂಕುಗಳು ದಾವಣಗೆರೆ ಜಿಲ್ಲೆಗೆ ಸೇರಿದವು. ಕೋಡ್ ಮಾತ್ರ ಹಳೆಯ ಜಿಲ್ಲೆಯ ಸಾಲಿನಲ್ಲೇ ಉಳಿಯಿತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಅದಕ್ಕೂ ಎಷ್ಟೋ ವರ್ಷ ಆಮೇಲೆ.

ನಂಬರ್ ನೋಡಿ ಊರು ಹೇಳುವ ಆ ಅನುಕೂಲ ಮೊಬೈಲ್ ಬಂದ ಮೇಲೆ ಹೋಯಿತು. 2011ರ ಜನವರಿ 20ರಂದು ನಂಬರ್ ಪೋರ್ಟಬಿಲಿಟಿ ದೇಶಕ್ಕೆಲ್ಲ ಬಂದ ಮೇಲೆ ನಂಬರ್ ನೋಡಿ ಕಂಪನಿ ಹೇಳುವುದೂ ಹೋಯಿತು. ಈಗ ಪೋರ್ಟ್ ಆದ ನಂಬರಿಗೆ ಕರೆ ಹೋಗಬೇಕಾದರೆ ಜಾಲ ಮೊದಲು ಒಂದು ಪಟ್ಟಿ ನೋಡಿ, ಆ ನಂಬರ್ ಸದ್ಯ ಯಾವ ಕಂಪನಿಯಲ್ಲಿದೆ ಎಂದು ತಿಳಿದುಕೊಂಡು, ಆಮೇಲೆ ದಾರಿ ಹಿಡಿಯುತ್ತದೆ.

4ಜಿ ಜಾಲದ ಕರೆಗಳಲ್ಲಿ, ಅಂದರೆ ವೋಲ್ಟಿ ಕರೆಗಳಲ್ಲಿ, ಮಾತು ಡೇಟಾ ಪ್ಯಾಕೆಟ್ ಆಗಿ ಹರಿಯುತ್ತದೆ. ಕರೆ ಹಚ್ಚುವುದು, ರಿಂಗ್ ಮಾಡಿಸುವುದು, ಕಡಿಯುವುದು ಇವನ್ನೆಲ್ಲ ನೋಡಿಕೊಳ್ಳುವ ಭಾಷೆಗೆ ಸಿಪ್ ಎನ್ನುತ್ತಾರೆ. ಅದರ ಈಗಿನ ಮೂಲ ನಿಯಮ 2002ರದು. ಸಿಪ್‌ನಲ್ಲಿ ಪ್ರತಿ ಕರೆಗೂ ಕಾಲ್ ಐಡಿ ಎಂಬ ಗುರುತು ಇದ್ದೇ ಇರುತ್ತದೆ. ಅಷ್ಟೇ ಸಾಕಾಗುವುದಿಲ್ಲವೇ ಎಂದು ಕೇಳಬಹುದು. ಸಾಕಾಗುವುದಿಲ್ಲ. ಒಂದು ಕಂಪನಿಯ ಜಾಲ ಇನ್ನೊಂದರ ಜಾಲವನ್ನು ಸೇರುವ ಗಡಿಯಲ್ಲಿ ಕಾವಲು ಯಂತ್ರವೊಂದಿರುತ್ತದೆ. ತನ್ನ ಜಾಲದ ಒಳಗುಟ್ಟು ಹೊರಗೆ ಹೋಗದಿರಲೆಂದು ಅದು ಬಂದ ಕರೆಯನ್ನು ತನ್ನಲ್ಲೇ ಮುಗಿಸಿ, ಆಚೆ ಕಡೆಗೆ ತಾನೇ ಹೊಸ ಕರೆ ಹಚ್ಚುತ್ತದೆ. ಹೊಸ ಕರೆಗೆ ಹೊಸ ಕಾಲ್ ಐಡಿ. ಫಾರ್ವರ್ಡ್ ಮತ್ತು ಕಾನ್ಫರೆನ್ಸ್ ನಡೆಸುವ ಸರ್ವರುಗಳೂ ಬಹುಪಾಲು ಹೀಗೆಯೇ ಮಾಡುತ್ತವೆ. ಜಗಳೂರಿನಲ್ಲಿ ಹುಟ್ಟಿದ ಐಡಿ ಚನ್ನಗಿರಿ ತಲುಪುವುದೇ ಇಲ್ಲ.

ಎಪಿಎಂಸಿಗೆ ಮಾಲು ಹಾಕಿದವರಿಗೆ ಇದರ ಪರಿಹಾರ ಬೇಗ ಅರ್ಥವಾಗುತ್ತದೆ. ತೂಕದ ಚೀಟಿ ಬೇರೆ, ಟೆಂಡರ್ ಚೀಟಿ ಬೇರೆ, ಬಿಲ್ ಬೇರೆ. ಆದರೆ ಮೂರರಲ್ಲೂ ಲಾಟ್ ನಂಬರ್ ಒಂದೇ ಇದ್ದರೆ ಇದು ಇಂಥವರ ರಾಶಿ ಎಂಬುದರಲ್ಲಿ ಗೊಂದಲವಿರುವುದಿಲ್ಲ. ಕರೆಗೂ ಅಂಥದೊಂದು ಗುರುತು ಬೇಕು.

ಅಂಥ ಗುರುತುಗಳಲ್ಲಿ ಮೊದಲನೆಯದು ಬಿಲ್ಲಿನ ಅಗತ್ಯಕ್ಕೆ ಹುಟ್ಟಿದ್ದು. ಕರೆ ವೋಲ್ಟಿ ಜಾಲದ ಬಾಗಿಲು ದಾಟುತ್ತಿದ್ದಂತೆ ಅದಕ್ಕೊಂದು ಚಾರ್ಜಿಂಗ್ ಐಡಿ ಬೀಳುತ್ತದೆ. ಆ ಕರೆಗೆ ಕೈಹಾಕುವ ಪ್ರತಿ ಸರ್ವರೂ ತಾನು ಬರೆಯುವ ದಾಖಲೆಯಲ್ಲಿ ಅದೇ ಐಡಿಯನ್ನು ನಮೂದಿಸುತ್ತದೆ. ರಾತ್ರಿ ಲೆಕ್ಕ ಕೂಡಿಸುವ ಯಂತ್ರ ಅದನ್ನು ಹಿಡಿದು ಎಲ್ಲ ದಾಖಲೆಗಳನ್ನೂ ಒಂದೇ ಗಂಟು ಕಟ್ಟುತ್ತದೆ. ಕರೆ ಯಾವ ಕಂಪನಿಯಿಂದ ಹೊರಟು ಯಾವುದರಲ್ಲಿ ಮುಗಿಯಿತು ಎಂದು ಹೇಳುವ ಗುರುತುಗಳೂ ಇದರ ಜೊತೆಯಲ್ಲೇ ಹೋಗುತ್ತವೆ.

ಎರಡನೆಯದು ಸೆಷನ್ ಐಡಿ. ಅಂತರ್ಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವ ಇಂಟರ್‌ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ 2016ರ ಅಕ್ಟೋಬರ್‌ನಲ್ಲಿ ಇದರ ನಿಯಮ ಪ್ರಕಟಿಸಿತು. ಇದರ ರಚನೆ ತುಸು ನಿಂತು ನೋಡುವಂಥದ್ದು. ಸೆಷನ್ ಐಡಿಗೆ ಎರಡು ಭಾಗ, ಒಂದೊಂದರಲ್ಲೂ 32 ಅಕ್ಷರ. ಮೊದಲ ಭಾಗವನ್ನು ಸಂದೇಶ ಕಳಿಸುವವರ ಫೋನ್ ಹುಟ್ಟಿಸುತ್ತದೆ, ಎರಡನೆಯದು ಆ ಕಡೆಯ ಫೋನಿನದು. ಜಗಳೂರಿನಿಂದ ಮೊದಲ ಸಂದೇಶ ಹೊರಡುವಾಗ ಆ ಕಡೆ ಯಾರು ಎತ್ತುತ್ತಾರೋ ಗೊತ್ತಿಲ್ಲ. ಹಾಗಾಗಿ ಎರಡನೆಯ ಭಾಗದಲ್ಲಿ ಬರೀ ಸೊನ್ನೆಗಳು. ಚನ್ನಗಿರಿಯ ಫೋನ್ ಉತ್ತರಿಸಿದ ಕೂಡಲೇ ಸೊನ್ನೆಗಳ ಜಾಗಕ್ಕೆ ಅದರ 32 ಅಕ್ಷರ ಬಂದು ಕೂರುತ್ತವೆ. ಮುಂದೆ ಕರೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಿದರೆ ಒಂದು ಭಾಗ ಬದಲಾಗುತ್ತದೆ, ಇನ್ನೊಂದು ಹಾಗೆಯೇ ಉಳಿಯುತ್ತದೆ. ಬದಲಾಗದ ಆ ಅರ್ಧವನ್ನು ಹಿಡಿದು ಹೊರಟರೆ ಕರೆ ಯಾರಿಂದ ಯಾರಿಗೆ ಕೈ ಬದಲಾಯಿಸಿತು ಎಂಬ ಸರಪಳಿ ಪೂರ್ತಿ ಸಿಗುತ್ತದೆ. ಆ ಅಕ್ಷರಗಳಲ್ಲಿ ಹೆಸರು, ಫೋನ್ ನಂಬರ್, ವಿಳಾಸದ ಸುಳಿವು ಇರಬಾರದು ಎಂಬುದೂ ನಿಯಮದಲ್ಲೇ ಇದೆ. ಖಾಸಗಿತನವನ್ನು ಮೊದಲೇ ಯೋಚಿಸಿ ಮಾಡಿದ ಈ ವಿನ್ಯಾಸ ನನಗೆ ತುಂಬ ಮೆಚ್ಚುಗೆಯಾದದ್ದು. ಗಡಿಯ ಯಂತ್ರಗಳು ಇದನ್ನು ಮುಟ್ಟದೆ ಮುಂದಕ್ಕೆ ಬಿಡಬೇಕು ಎಂಬುದು ನಿಯಮದ ಆಶಯ; ಬಿಡದ ಕಡೆ ಸರಪಳಿ ಅಲ್ಲಿಗೇ ತುಂಡು.

ಫಾರ್ವರ್ಡ್ ಆದ ಕರೆಗೆ ಇನ್ನೊಂದು ಟಿಪ್ಪಣಿಯೂ ಅಂಟಿಕೊಳ್ಳಬಹುದು. ಮೊದಲು ಯಾರಿಗೆ ಹಚ್ಚಿದ್ದು, ಅಲ್ಲಿಂದ ಏಕೆ ತಿರುಗಿತು ಎಂಬ ವಿವರ ಅದರಲ್ಲಿರುತ್ತದೆ. ಕಾರಣಕ್ಕೂ ಸಂಖ್ಯೆಯಿದೆ: 486 ಎಂದರೆ ಬ್ಯುಸಿ ಇತ್ತು, 408 ಎಂದರೆ ಎತ್ತಲಿಲ್ಲ, 302 ಎಂದರೆ ಎಲ್ಲ ಕರೆಗಳನ್ನೂ ತಿರುಗಿಸಿಟ್ಟಿದ್ದಾರೆ. ಹಳೆಯ 2ಜಿ ಜಾಲದ ಸಂದೇಶಗಳಲ್ಲೂ ಮೊದಲು ಕರೆದ ನಂಬರ್, ತಿರುಗಿಸಿದ ನಂಬರ್ ಎಂಬ ಜಾಗಗಳಿವೆ. ಸೆಷನ್ ಐಡಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಪ್ರಯಾಣದಲ್ಲಿರುವಾಗ 4ಜಿ ಸಿಗದೆ ಕರೆ 2ಜಿಗೆ ಇಳಿದರೆ ಮಾತು ಕಡಿಯದಂತೆ ಜಾಲ ಎರಡು ತುಂಡನ್ನು ಹೊಲಿಯುತ್ತದೆ. ಮಾತನಾಡುವವರಿಗೆ ಒಂದು ಕ್ಷಣದ ತೊದಲು ಕೇಳಿಸಬಹುದು, ಅಷ್ಟೇ. ದಾಖಲೆಯಲ್ಲಿ ಮಾತ್ರ ಒಂದು ಕರೆ ಎರಡು ಬಗೆಯ ಜಾಲಗಳಲ್ಲಿ ಹಂಚಿಹೋಗಿರುತ್ತದೆ.

ಗುರುತು ಸಿಗದಾಗ ಉಳಿಯುವುದು ನಂಬರ್ ಮತ್ತು ಸಮಯ. ಇಷ್ಟು ಗಂಟೆ ಇಷ್ಟು ನಿಮಿಷ ಇಷ್ಟು ಸೆಕೆಂಡಿಗೆ ಇಲ್ಲಿಂದ ಹೊರಟಿತು, ಅದೇ ಹೊತ್ತಿಗೆ ಅಲ್ಲಿ ಬಂದಿತು, ಆದ್ದರಿಂದ ಇವು ಒಂದೇ ಎಂದು ತಾಳೆ ಹಾಕುತ್ತಾರೆ. ಎರಡು ಕಂಪನಿಗಳ ಗಡಿಯಾರಕ್ಕೆ ಕೆಲವೇ ಸೆಕೆಂಡ್ ವ್ಯತ್ಯಾಸವಿದ್ದರೂ ತಾಳೆ ತಪ್ಪಬಹುದು. ಕಂಪನಿಗಳು, ಡೇಟಾ ಸೆಂಟರುಗಳು ತಮ್ಮ ಕಂಪ್ಯೂಟರ್ ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕೆಂದು ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದ್ದರ ಹಿಂದೆ ಇಂಥ ಕಾರಣವೇ ಇದೆ.

ಈಗ ಪೊಲೀಸ್ ಠಾಣೆಯಲ್ಲಿ ಎಲ್ಲರೂ ಹೇಳುವ ಕಾಲ್ ಡೀಟೇಲ್ಸ್‌ಗೆ, ಅಂದರೆ ಸಿಡಿಆರ್‌ಗೆ ಬರೋಣ. ಸಿಡಿಆರ್‌ನ ಒಂದು ಸಾಲಿನಲ್ಲಿ ಎರಡೂ ಕಡೆಯ ನಂಬರ್, ದಿನಾಂಕ, ಶುರುವಾದ ಸಮಯ, ಅವಧಿ, ಹ್ಯಾಂಡ್‌ಸೆಟ್‌ನ ಐಎಂಇಐ, ಸಿಮ್‌ನ ಐಎಂಎಸ್‌ಐ, ಕರೆ ಶುರುವಾದಾಗಿನ ಟವರ್, ಮುಗಿದಾಗಿನ ಟವರ್ ಇರುತ್ತವೆ. ಆಡಿದ ಮಾತು ಇರುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ಷರತ್ತು ತಿದ್ದಿದ ಮೇಲೆ ಕಂಪನಿಗಳು ಇದನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು. ಮೊದಲು 1 ವರ್ಷ ಇತ್ತು. ನ್ಯಾಯಾಲಯಕ್ಕೆ ಒಪ್ಪಿಸುವಾಗ ಇದರ ಜೊತೆ ಪ್ರಮಾಣಪತ್ರ ಬೇಕೇ ಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಖೋತ್ಕರ್ ಪ್ರಕರಣದಲ್ಲಿ ಹೇಳಿದೆ.

ನಮ್ಮ ಮೆಕ್ಕೆಜೋಳದ ಕರೆಯನ್ನೇ ಈ ಕಣ್ಣಿನಿಂದ ನೋಡಿ. ಜಗಳೂರಿನ ರೈತರ ಸಿಡಿಆರ್‌ನಲ್ಲಿ ಕಾಣುವುದು ಹೊನ್ನಾಳಿಯ ನಂಬರ್, ಏಳೆಂಟು ನಿಮಿಷದ ಮಾತು. ಸಾಹುಕಾರರು ಒಂದು ಮಾತೂ ಆಡಿಲ್ಲ. ಅವರ ಫೋನ್ ಸ್ವಿಚ್ ಆಫ್ ಆಗಿದ್ದಾಗಲೂ ಫಾರ್ವರ್ಡ್ ಇಟ್ಟಿದ್ದರೆ ಕರೆ ಹೀಗೆಯೇ ಹೋಗುತ್ತಿತ್ತು. ಮಾತನಾಡಿದ ಚನ್ನಗಿರಿಯ ಗುಮಾಸ್ತನಾಗಲಿ, ಕೊನೆಯಲ್ಲಿ ಸೇರಿಕೊಂಡ ನ್ಯಾಮತಿಯ ಲಾರಿ ಮಾಲೀಕರಾಗಲಿ ಆ ಸಾಲಿನಲ್ಲಿ ಇಲ್ಲವೇ ಇಲ್ಲ. ಇದೇ ಕರೆ ಅಪರಾಧದ್ದಾಗಿದ್ದರೆ? ಒಂದೇ ಕಡೆಯ ಪಟ್ಟಿ ಹಿಡಿದು ಹೊರಟವರು ಹೊನ್ನಾಳಿಯಲ್ಲಿ ತಪ್ಪು ಬಾಗಿಲು ತಟ್ಟುತ್ತಿದ್ದರು. ಹೊನ್ನಾಳಿ ನಂಬರಿನ ದಾಖಲೆಯನ್ನೂ ತರಿಸಿ, ಅದರಲ್ಲಿ ಫಾರ್ವರ್ಡ್ ಎಂದು ನಮೂದಾದ ಸಾಲನ್ನು ಇದಕ್ಕೆ ಜೋಡಿಸಿದಾಗಲೇ ನಿಜ ತಿಳಿಯುವುದು. ನಿರಪರಾಧಿಯೊಬ್ಬ ಠಾಣೆಗೆ ಅಲೆಯುವುದು ಬಿಡುವುದು ಈ ಜೋಡಣೆಯ ಮೇಲೆ ನಿಂತಿದೆ.

ಟವರ್ ವಿಷಯದಲ್ಲೂ ಎಚ್ಚರ ಬೇಕು. ಟವರ್ ಹೇಳುವುದು ದಿಕ್ಕು ಮತ್ತು ಸುತ್ತಳತೆಯನ್ನು, ಮನೆ ಬಾಗಿಲನ್ನಲ್ಲ. ಹಳ್ಳಿಗಾಡಿನಲ್ಲಿ ಒಂದು ಟವರ್ ಹಲವು ಕಿಲೋಮೀಟರ್ ಹರಡಿರುತ್ತದೆ. ನ್ಯಾಮತಿಯ ಅಂಚಿನ ಹಳ್ಳಿಯಲ್ಲಿ ಮಾತನಾಡಿದವರ ದಾಖಲೆಯಲ್ಲಿ ಶಿವಮೊಗ್ಗ ಜಿಲ್ಲೆಯ ಟವರ್, ಜಗಳೂರಿನ ಅಂಚಿನವರ ದಾಖಲೆಯಲ್ಲಿ ಕೂಡ್ಲಿಗಿ ಕಡೆಯ ಟವರ್ ಬಂದರೆ ಅಚ್ಚರಿಯಿಲ್ಲ.

ನ್ಯಾಮತಿಯ ಎಸ್‌ಬಿಐ ಶಾಖೆಯಲ್ಲಿ 2024ರ ಅಕ್ಟೋಬರ್ ಕೊನೆಯಲ್ಲಿ 17 ಕಿಲೋಗೂ ಹೆಚ್ಚು ಅಡವಿನ ಚಿನ್ನ ಕಳವಾದದ್ದು ಈ ಭಾಗದವರು ಮರೆಯುವ ಸಂಗತಿಯಲ್ಲ. ಕಳ್ಳರು ಸಿಸಿಟಿವಿಯ ಡಿವಿಆರ್ ಅನ್ನೂ ಹೊತ್ತೊಯ್ದಿದ್ದರು. ದಾವಣಗೆರೆ ಪೊಲೀಸರು ಪ್ರಕರಣ ಭೇದಿಸಿ, ತಮಿಳುನಾಡಿನ ಉಸಿಲಂಪಟ್ಟಿ ಬಳಿಯ ಬಾವಿಯಲ್ಲಿ ಅಡಗಿಸಿಟ್ಟ ಚಿನ್ನ ಹೊರತೆಗೆಯಲು ಐದು ತಿಂಗಳು ಹಿಡಿಯಿತು. ಇಂಥ ಕಳವು ನಡೆದಾಗ ಪೊಲೀಸರು ಸಾಮಾನ್ಯವಾಗಿ ಟವರ್ ಡಂಪ್ ತರಿಸುತ್ತಾರೆ, ಅಂದರೆ ಆ ಹೊತ್ತಿನಲ್ಲಿ ಆ ಟವರ್ ಬಳಸಿದ ಎಲ್ಲ ನಂಬರುಗಳ ರಾಶಿ. ರಾಶಿಯಲ್ಲಿ ಸಾವಿರಾರು ಸಾಲು ಇರಬಹುದು. ಯಾವ ಸಾಲಿಗೂ ಯಾವ ಸಾಲಿಗೂ ನಂಟು ಎಂದು ಬಿಡಿಸುವ ತನಕ ಅದು ಬರೀ ಅಂಕಿಗಳ ಕಂತೆ. ಕಳ್ಳರು ಫೋನ್ ಬಳಸಿರದಿದ್ದರೆ ಅಷ್ಟೂ ವ್ಯರ್ಥ.

ಸರಪಳಿಯನ್ನು ಬೇಕೆಂದೇ ಕಡಿಯುವವರೂ ಇದ್ದಾರೆ. ವಿದೇಶದ ಕರೆಯನ್ನು ಇಂಟರ್‌ನೆಟ್ ಮೂಲಕ ತಂದು, ಹತ್ತಾರು ಸಿಮ್ ತುಂಬಿದ ಪೆಟ್ಟಿಗೆಯಿಂದ ಸ್ಥಳೀಯ ಕರೆಯಂತೆ ಬಿಡುವುದು ಸಿಮ್ ಬಾಕ್ಸ್ ದಂಧೆ. ಪೆಟ್ಟಿಗೆಯ ಆಚೆ ಏನಿದೆ ಎಂದು ಇಲ್ಲಿನ ಸಿಡಿಆರ್ ಹೇಳಲಾರದು. ವಿದೇಶದಲ್ಲಿ ಕೂತು +91ರ ನಂಬರ್ ತೋರಿಸುವುದು ಇನ್ನೊಂದು ಬಗೆ. ಇದನ್ನು ತಡೆಯುವ ಕೇಂದ್ರ ವ್ಯವಸ್ಥೆ 2024ರ ಅಕ್ಟೋಬರ್ 22ರಂದು ಶುರುವಾದಾಗ ಮೊದಲ 24 ಗಂಟೆಯಲ್ಲೇ 1.35 ಕೋಟಿ ಸುಳ್ಳು ಕರೆ ಸಿಕ್ಕಿಬಿದ್ದವೆಂದು ದೂರಸಂಪರ್ಕ ಇಲಾಖೆ ತಿಳಿಸಿತು. ಇನ್ನು ವಾಟ್ಸ್ಆ್ಯಪ್ ಕರೆ: ಅದು ಸಿಡಿಆರ್‌ನಲ್ಲಿ ಬರುವುದೇ ಇಲ್ಲ, ಕಂಪನಿಗೆ ಕಾಣುವುದು ಡೇಟಾ ಬಳಕೆ ಮಾತ್ರ.

ಫಾರ್ವರ್ಡ್ ಸೌಲಭ್ಯವೇ ವಂಚಕರ ಆಯುಧವಾಗಿದೆ. ಪಾರ್ಸೆಲ್ ಬಂದಿದೆ, ಸಿಮ್ ಬಂದ್ ಆಗುತ್ತದೆ ಎಂದು ಹೆದರಿಸಿ *401* ಎಂದು ಶುರುವಾಗುವ ಕೋಡ್ ಒತ್ತಿಸುತ್ತಾರೆ. ಒತ್ತಿದರೆ ನಿಮ್ಮ ಕರೆಗಳು ಅವರಿಗೆ ಹೋಗುತ್ತವೆ, ಕರೆಯಲ್ಲಿ ಬರುವ ಒಟಿಪಿಯೂ ಅವರ ಪಾಲು. ಹೀಗೆ ಕೋಡ್ ಒತ್ತಿ ಫಾರ್ವರ್ಡ್ ಮಾಡುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ಇಲಾಖೆ ಕಂಪನಿಗಳಿಗೆ ಸೂಚಿಸಿತು. ಆದರೂ ಅನುಮಾನ ಬಂದರೆ ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ತೆರೆದು ನೋಡಿ. ##002# ಒತ್ತಿದರೆ ಇಟ್ಟಿರುವ ಫಾರ್ವರ್ಡ್‌ಗಳೆಲ್ಲ ರದ್ದಾಗಬೇಕು.

ಕಂಪನಿಗೆ ದೂರು ಕೊಡುವಾಗ "ನಿನ್ನೆ ಕಾಲ್ ಕಟ್ ಆಯ್ತು" ಎಂದಷ್ಟೇ ಹೇಳಿದರೆ ಅವರಿಗೆ ಹುಡುಕಲು ಏನೂ ಸಿಗುವುದಿಲ್ಲ. ಎರಡೂ ನಂಬರ್, ದಿನಾಂಕ, ನಿಮಿಷದ ಸಹಿತ ಸಮಯ, ನೀವಿದ್ದ ಊರು, ಕರೆ ಫಾರ್ವರ್ಡ್ ಆಗಿತ್ತೇ, ಕಾನ್ಫರೆನ್ಸ್ ಆಗಿತ್ತೇ ಎಂಬುದನ್ನೂ ಹೇಳಿ. ದೂರಿನ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಪ್ರೀಪೇಯ್ಡ್ ಗ್ರಾಹಕರೂ 50 ರೂಪಾಯಿ ಮೀರದ ಶುಲ್ಕ ಕೊಟ್ಟು ತಮ್ಮ ಬಳಕೆಯ ವಿವರವಾದ ಪಟ್ಟಿ ಕೇಳಬಹುದು ಎಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮ. ವಂಚನೆಯ ಕರೆ ಬಂದು ಹಣ ಹೋಗಿಲ್ಲವಾದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಫೋನಿನ ಕಾಲ್ ಲಾಗ್ ಮತ್ತು ಮೆಸೇಜುಗಳನ್ನು ಮಾತ್ರ ಅಳಿಸಬೇಡಿ. ಜಾಲದೊಳಗಿನ ತುಂಡುಗಳನ್ನು ಜೋಡಿಸುವವರಿಗೆ ಮೊದಲು ಬೇಕಾಗುವುದು ಅವೇ.