ಕರದಂಟಿನ ಅಂಗಡಿಯಲ್ಲಿ ಒಂದು ಸಂಜೆ

ಬೆಂಗಳೂರಿನ ಸಿಹಿಯಂಗಡಿಗಳಲ್ಲಿ ದೊರೆಯದ ತಿಂಡಿಯೇ ಇಲ್ಲವೆಂದು ಹೇಳುವುದುಂಟು. ಮೈಸೂರುಪಾಕಿನಿಂದ ಹಿಡಿದು ಬಂಗಾಳದ ರಸಗುಲ್ಲದವರೆಗೆ ಎಲ್ಲವೂ ಗಾಜಿನ ಕಪಾಟಿನಲ್ಲಿ ಸಾಲುಗೂಡಿ ಕುಳಿತಿರುತ್ತವೆ. ಆದರೆ ಬಾಗಲಕೋಟೆಯ ಕಡೆಯಿಂದ ಬಂದು ಈ ನಗರದಲ್ಲಿ ನೆಲಸಿದವರು ಹುಡುಕಿಕೊಂಡು ಹೋಗುವ ಅಂಗಡಿಯೇ ಬೇರೆ. ಅದರ ಫಲಕದ ಮೇಲೆ ‘ಅಮೀನಗಡ’ ಎಂಬ ಹೆಸರಿರಬೇಕು. ಹೊಸ್ತಿಲು ದಾಟಿದೊಡನೆ ತುಪ್ಪ, ಬೆಲ್ಲ, ಜಾಜಿಕಾಯಿಗಳ ವಾಸನೆ ಮೂಗಿಗೆ ಬಡಿಯಬೇಕು.

ಅಂತಹ ಅಂಗಡಿಗೆ ನಾನು ಮೊನ್ನೆ ಹೋದದ್ದು ಬಾಯಿಚಪಲದಿಂದಲ್ಲ. ನನ್ನ ಮಗಳು ಚೊಚ್ಚಲ ಬಾಣಂತಿಯಾಗಿ ಮನೆಯಲ್ಲಿದ್ದಳು. ಬಾಣಂತನ ಮಾಡಬೇಕಾದ ಅವಳ ತಾಯಿ ತೀರಿಕೊಂಡು ಮೂರು ವರ್ಷಗಳಾದುವು. ನಮ್ಮ ಸೀಮೆಯಲ್ಲಿ ಬಾಣಂತಿಗೆ ಅಂಟಿನುಂಡಿ ಕೊಡದಿದ್ದರೆ ಬಾಣಂತನವೇ ಆಗಲಿಲ್ಲವೆಂದು ಲೆಕ್ಕ. ಬೇವೂರಿನಲ್ಲಿರುವ ನನ್ನ ಅಕ್ಕನಿಗೆ ಪ್ರಯಾಣ ಮಾಡುವ ಶಕ್ತಿಯಿಲ್ಲ. ದೂರವಾಣಿಯಲ್ಲಿ ಅಳತೆಯನ್ನಾದರೂ ಹೇಳೆಂದು ಬೇಡಿಕೊಂಡೆ.

“ಅಳತಿ ಎಲ್ಲಿಂದ ಹೇಳ್ಲೋ ತಮ್ಮಾ? ನನ್ನ ಕೈಗೆ ಗೊತ್ತೈತಿ, ಬಾಯಿಗೆ ಗೊತ್ತಿಲ್ಲ” ಎಂದಳು ಅಕ್ಕ.

ನನ್ನ ಹೆಂಡತಿಯೂ ಹಾಗೆಯೇ ಮಾಡುತ್ತಿದ್ದವಳು. ಆಕೆ ಒಂದು ಚೀಟಿಯನ್ನೂ ಬರೆದಿಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಮೂವತ್ತು ವರ್ಷ ಉಂಡವನು ಒಮ್ಮೆಯಾದರೂ ಒಲೆಯ ಬಳಿ ನಿಂತು ನೋಡಬಾರದಿತ್ತೆ?

ಉಂಡಿ ಇಲ್ಲದಿದ್ದರೆ ಕರದಂಟಾದರೂ ಆಗಲಿ ಎಂದು ವಿಜಯನಗರದ ಅಂಗಡಿಯ ದಾರಿ ಹಿಡಿದೆ. ಅಂಟಿನುಂಡಿ ಮನೆಯದು, ಕರದಂಟು ಅಂಗಡಿಯದು. ಆದರೆ ಎರಡೂ ಒಂದೇ ಕುಲದವು.

ಹುನಗುಂದದ ಸೀಮೆಯ ಅಮೀನಗಡವನ್ನು ಹಲವು ವಾಚಕರು ಬಸ್ಸಿನ ಕಿಟಕಿಯಿಂದಾದರೂ ಕಂಡಿರಬಹುದು. ಐಹೊಳೆಯ ಗುಡಿಗಳನ್ನು ನೋಡಲು ಹೋಗುವವರು ಹಾದುಹೋಗುವ ಊರು ಅದು. ಸುತ್ತಿನ ಹಳ್ಳಿಗಳವರಿಗೆ ಅದು ಕುರಿಯ ಸಂತೆಗೆ ಪ್ರಸಿದ್ಧ, ದೂರದವರಿಗೆ ಕರದಂಟಿಗೆ. ಅಲ್ಲಿಯ ‘ವಿಜಯ’ ಕರದಂಟಿನ ಮನೆತನದವರು ತಮ್ಮ ಅಂಗಡಿಯ ಹುಟ್ಟುವರ್ಷ 1907 ಎಂದು ಹೇಳುತ್ತಾರೆ. ಬೆಳಗಾವಿ ಜಿಲ್ಲೆಯ ಗೋಕಾಕದ ಕರದಂಟೂ ಅಷ್ಟೇ ಹೆಸರಾದುದು. ಇವೆರಡರಲ್ಲಿ ಯಾವುದು ಮೇಲು ಎಂಬ ವಾದಕ್ಕೆ ಇಳಿದವರು ಊಟದ ಹೊತ್ತು ಮರೆಯುವುದುಂಟು.

ಅಂಗಡಿ ಚಿಕ್ಕದು. ಒಂದು ಬದಿಗೆ ಧಾರವಾಡದ ಪೇಢೆ, ಬೆಳಗಾವಿಯ ಕುಂದಾ. ಇನ್ನೊಂದು ಬದಿಗೆ ಶೇಂಗಾ ಹೋಳಿಗೆ, ಎಳ್ಳುಹೋಳಿಗೆ, ಖಡಕ್ ರೊಟ್ಟಿ. ನಡುವೆ ಕಂದುಬಣ್ಣದ ಕರದಂಟಿನ ತುಂಡುಗಳು. ಗೋಡಂಬಿ ಬಾದಾಮಿ ಹೆಚ್ಚಿದಂತೆ ಬೆಲೆಯೂ ಹೆಚ್ಚು. ತಕ್ಕಡಿಯ ಹಿಂದಿದ್ದ ನಡುವಯಸ್ಸಿನವರು ನನ್ನ ಮಾತಿನ ಧಾಟಿ ಕೇಳಿ ತಲೆಯೆತ್ತಿದರು.

“ಯಾವೂರ್ರಿ ನಿಮ್ದು?”

“ಬೇವೂರ್ರಿ.”

“ಹಂಗಾರ ನಮ್ಮವರ ಆದ್ರಿ. ಕೂಡ್ರಿ.”

ಕೂಡಲು ಒಂದು ಸ್ಟೂಲು ಬಂದಿತು. ತಿನ್ನಲು ಒಂದು ತುಂಡು ಬಂದಿತು. ಬಾಣಂತಿಯ ವಿಚಾರ ಹೇಳಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಒಬ್ಬ ಹೆಣ್ಣುಮಗಳು, “ಅಂಟು ಅಂದರೆ ಲಕೋಟೆಗೆ ಹಚ್ಚುವ ಅಂಟೇ?” ಎಂದು ನಗುತ್ತ ಕೇಳಿದರು. ಆಕೆಯದು ಮೈಸೂರಿನ ಕಡೆಯ ಮಾತು.

ಅಂಗಡಿಯವರೂ ನಕ್ಕರು. ಪ್ರಶ್ನೆಯೇನೂ ತಪ್ಪಲ್ಲ. ಜಾಲಿಯ ಜಾತಿಯ ಮರಗಳ ತೊಗಟೆಯಿಂದ ಒಸರಿ ಒಣಗಿ ಗಟ್ಟಿಯಾದ ರಸವೇ ಅಂಟು. ಅಂತಹುದನ್ನೇ ಲಕೋಟೆಗಳಿಗೂ ಬಳಸಿದ್ದುಂಟು. ತಿನ್ನುವ ಅಂಟನ್ನು ತುಪ್ಪದಲ್ಲಿ ಕರಿದಾಗ ಹರಳಿನೊಳಗೆ ಉಳಿದ ತೇವ ಆವಿಯಾಗಿ, ಹರಳು ಅರಳಿನಂತೆ ಉಬ್ಬಿ ಹಗುರಾಗುತ್ತದೆ. ಕರಿದ ಅಂಟು ಸೇರಿದುದರಿಂದಲೇ ಅದು ಕರದಂಟು.

“ಉರಿ ಹೆಚ್ಚಾದ್ರ ಹೊರಗ ಕೆಂಪಗಾಗಿ ಒಳಗ ಕಲ್ಲ ಉಳಿತೈತ್ರಿ, ಹಲ್ಲಿಗೆ ಹತ್ತತೈತಿ. ಸಣ್ಣ ಉರಿ ಇಡಬೇಕು, ಸ್ವಲ್ಪ ಸ್ವಲ್ಪ ಹಾಕಬೇಕು. ಕರದದ್ದನ್ನ ಬೆರಳಾಗ ಒತ್ತಿದ್ರ ಪುಡಿ ಆಗಬೇಕು” ಎಂದು ಅವರು ವಿವರಿಸಿದರು. ಬೆಲ್ಲದ ಪಾಕವನ್ನು ನೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ನೋಡಬೇಕು. ಕರಗದೆ ಉಂಡೆಗಟ್ಟಿದರೆ ಹದ ಬಂದಿತು. ಅನಂತರ ಒಣಕೊಬ್ಬರಿ, ಉತ್ತತ್ತಿ, ಅಂಜೂರ, ದ್ರಾಕ್ಷಿ, ಗೋಡಂಬಿ, ಬಾದಾಮಿ, ಗಸಗಸೆ. ಕೊನೆಗೆ ಏಲಕ್ಕಿ, ಜಾಜಿಕಾಯಿ. ಹಾಲಿನ ಸಿಹಿಗಳಂತೆ ಇದು ಬೇಗ ಕೆಡುವುದಿಲ್ಲ, ನೀರಿನ ಅಂಶ ಕಡಿಮೆ. ಹಳ್ಳಿಯಲ್ಲಿ ಹುಟ್ಟಿದ ತಿಂಡಿ ದೂರದ ನಗರಗಳವರೆಗೆ ನಡೆದುಬರಲು ಈ ಗುಣವೂ ಒಂದು ಕಾರಣ.

ಅರ್ಧ ಕಿಲೋ ಕರದಂಟು ಕಟ್ಟಿಸಿದೆ. ಮೈಸೂರಿನ ಕಡೆಯವರೂ ಕಾಲು ಕಿಲೋ ಕೊಂಡರು. ಹೊರಡುವಾಗ ಅಂಗಡಿಯವರು ಕರೆದು ಹೇಳಿದರು: “ಹಸಿ ಬಾಣಂತಿಗೆ ಒಮ್ಮೆಲೆ ಭಾಳ ಕೊಡಬ್ಯಾಡ್ರಿ. ದಿನಕ್ಕೊಂದು ತುಣುಕು ಸಾಕು.” ನಮ್ಮ ವೈದ್ಯರೂ ಹೀಗೆಯೇ ಹೇಳಿದ್ದರು. ಬೆಲ್ಲ ತುಪ್ಪಗಳು ಎಷ್ಟು ಪುಷ್ಟಿಕರವೋ ಅಷ್ಟೇ ಭಾರ. ಸಕ್ಕರೆಯ ಕಾಯಿಲೆಯುಳ್ಳವರು ದೂರವಿರುವುದೇ ಲೇಸು.

ಮನೆಗೆ ಬಂದು ಮಗಳ ಕೈಗೆ ಒಂದು ತುಂಡು ಕೊಟ್ಟೆ. ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಅಳುವಳೋ ಏನೋ ಎಂದು ನನಗೆ ಭಯವಾಯಿತು.

“ಚಲೋ ಐತಪ್ಪಾ,” ಎಂದಳು. “ಆದ್ರ ಅವ್ವ ಇಷ್ಟು ಜಾಜಿಕಾಯಿ ಹಾಕತಿರಲಿಲ್ಲ. ಉತ್ತತ್ತಿ ಇದರಕಿಂತ ಹೆಚ್ಚಿರತಿತ್ತು. ಗೋಡಂಬಿ ಇರತಿದ್ದೇ ಇಲ್ಲ.”

ನಾನು ಬೆರಗಾದೆ. ಅಕ್ಕನ ಬಾಯಿಗೆ ಗೊತ್ತಿಲ್ಲದ ಅಳತೆ ನನ್ನ ಮಗಳ ನಾಲಗೆಗೆ ಗೊತ್ತಿತ್ತು! ಒಡನೆಯೇ ಕಾಗದ ಪೆನ್ಸಿಲು ತಂದು ಕುಳಿತೆ. ಅವಳು ಕೂಡಿಸುತ್ತ, ಕಳೆಯುತ್ತ ಹೇಳಿದಳು, ನಾನು ಬರೆದುಕೊಂಡೆ. ಮರುದಿನ ಅಂಟು ತಂದು ಒಲೆಯ ಮುಂದೆ ನಿಂತೆ. ಮೊದಲ ಸಲದ ಅಂಟು ಕೆಂಪಗಾಗಿ ಕಲ್ಲಾಯಿತು. ಎರಡನೆಯ ಸಲ ಅರಳಿತು.

ಕಡೆಗೆ ನಿಂತ ಲೆಕ್ಕವಿದು: ಅಂಟು 100 ಗ್ರಾಂ, ತುರಿದು ಹುರಿದ ಒಣಕೊಬ್ಬರಿ 250 ಗ್ರಾಂ, ಕುಟ್ಟಿದ ಉತ್ತತ್ತಿ 250 ಗ್ರಾಂ, ಬೆಲ್ಲ 250 ಗ್ರಾಂ, ಹುರಿದ ಗಸಗಸೆ 25 ಗ್ರಾಂ, ನಾಲ್ಕು ಏಲಕ್ಕಿ, ಕಾಲು ಜಾಜಿಕಾಯಿ, ಕರಿಯಲು ಸಾಕಾಗುವಷ್ಟು ತುಪ್ಪ. ಪಾಕ ಬಿಸಿಯಿರುವಾಗಲೇ ಕೈಗೆ ತುಪ್ಪ ಸವರಿಕೊಂಡು ಉಂಡಿ ಕಟ್ಟಬೇಕು.

ನನ್ನ ಉಂಡಿಗಳು ದುಂಡಗಾಗಿರಲಿಲ್ಲ. ಮಗಳು ಒಂದನ್ನು ತಿಂದು, ಮಾತನಾಡದೆ ಇನ್ನೊಂದಕ್ಕೆ ಕೈ ಚಾಚಿದಳು. ದಿನಕ್ಕೆ ಒಂದೇ ಎಂಬ ಕಟ್ಟಳೆಯನ್ನು ಅಂದು ನಾನು ನೆನಪಿಸಲಿಲ್ಲ.

ಆ ಚೀಟಿಯನ್ನು ಈಗ ಎರಡು ಪ್ರತಿ ಮಾಡಿಟ್ಟಿದ್ದೇನೆ. ಒಂದು ಮಗಳಿಗೆ. ಇನ್ನೊಂದನ್ನು ಬೇವೂರಿಗೆ, ಅಕ್ಕನಿಗೆ ಕಳಿಸಿದೆ. ಆಕೆ ಯಾರಿಂದಲೋ ಓದಿಸಿಕೊಂಡು ದೂರವಾಣಿಯಲ್ಲಿ ಹೇಳಿದ್ದು ಇಷ್ಟೇ: “ಬೆಲ್ಲ ಒಂದೀಟು ಕಡಿಮಿ ಆಗೈತಿ, ತಮ್ಮಾ.”